ರುಮಾಲಿನ ಡಬ್ಬಿಯಲ್ಲಿ ಉಳಿದ ಅರ್ಜಿ

ಇದನ್ನು ಬರೆಯಬೇಕೆಂದು ಕೂತದ್ದು ಇದೇ ಮೊದಲಲ್ಲ. ಹೋದ ವರ್ಷ ಯುಗಾದಿಗೆ ಶುರು ಮಾಡೋಣ ಅಂದುಕೊಂಡೆ, ಕಣ್ಣಿನ ಆಪರೇಷನ್ ಅಡ್ಡ ಬಂತು. ಆರು ವಾರ ಕಣ್ಣಿಗೆ ಶ್ರಮ ಕೊಡಬೇಡಿ ಅಂತ ಡಾಕ್ಟರು ಹೇಳಿದ್ದರು. ನಾನು ಆ ಮಾತನ್ನು ಎಂಟು ತಿಂಗಳು ಪಾಲಿಸಿದೆ. ಆಮೇಲೆ ಕೋಠಿ ಬಜಾರಿಗೆ ಹೋಗಿ ಇನ್ನೂರು ಪುಟದ ನೋಟ್‌ಬುಕ್ ತಂದೆ. ಮೊದಲ ಪುಟದ ಮೇಲೆ ‘ಶ್ರೀ’ ಅಂತ ಬರೆದು ಕಪಾಟಿನಲ್ಲಿ ಇಟ್ಟೆ. ಉಳಿದ ಪುಟಗಳಲ್ಲಿ ಮೊಮ್ಮಗಳು ಲೆಕ್ಕ ಮಾಡಿ ಮುಗಿಸಿದಳು. ನನಗೆ ಬೇಜಾರಾಗಲಿಲ್ಲ, ಸಮಾಧಾನವೇ ಆಯಿತು. ಇದು ಎರಡನೇ ನೋಟ್‌ಬುಕ್. ಮುಂದೂಡುವ ವಿದ್ಯೆಯನ್ನು ನಾನು ಸಣ್ಣಪುಟ್ಟ ಜನರ ಹತ್ತಿರ ಕಲಿತವನಲ್ಲ. ಅದರಲ್ಲಿ ಮಹಾಪಂಡಿತರಾಗಿದ್ದ ಒಬ್ಬರ ಮುಂದೆ ಆರು ವರ್ಷ ನಡೆದವನು.

ಮುಂದೆ ನಡೆಯುವುದೇ ನನ್ನ ನೌಕರಿಯಾಗಿತ್ತು. ನಾನು ಮೆಟ್ರಿಕ್ ಪಾಸಾದವನು. ಕೆಲಸದಿಂದ ತೆಗೆದುಹಾಕಿಸಿಕೊಂಡ ಮಾಸ್ತರರು, ಗುಮಾಸ್ತರು, ಕಂಡಕ್ಟರುಗಳು ತಮ್ಮ ತಕರಾರು ತರುವಂಥ ಒಂದು ನ್ಯಾಯಮಂಡಳಿ ಈ ಹೈದರಾಬಾದಿನಲ್ಲಿತ್ತು. ಅಲ್ಲಿ ನಾನು ದಫೇದಾರ. ಬಿಳಿ ಕೋಟು, ಸೊಂಟಕ್ಕೆ ಕೆಂಪು ಪಟ್ಟಿ, ತಲೆಗೆ ಜರಿ ರುಮಾಲು. ಜಡ್ಜ್ ಸಾಹೇಬರು ಕೋಣೆಯಿಂದ ಹೊರಟರೆ ಹತ್ತು ಹೆಜ್ಜೆ ಮುಂದೆ ನಡೆದು ದಾರಿ ಬಿಡಿಸಬೇಕು, ಅವರು ಪೀಠಕ್ಕೆ ಬಂದಾಗ ಕುರ್ಚಿ ಹಿಂದೆ ಎಳೆಯಬೇಕು, ಕೂರುವಾಗ ಮುಂದೆ ನೂಕಬೇಕು. ಸಂಜೆ ಫೈಲುಗಳನ್ನು ಬಟ್ಟೆಯಲ್ಲಿ ಕಟ್ಟಿ ಕಾರಿಗೆ ಇಡಬೇಕು, ಮುಂಜಾನೆ ಬಂಗಲೆಗೆ ಹೋಗಿ ಅವನ್ನೇ ಮತ್ತೆ ಕಾರಿಗೆ ಹಾಕಬೇಕು.

ಸಾಹೇಬರ ಊರು ನಮ್ಮ ಕಡೆಯದೇ. ಈಗ ಕರ್ನಾಟಕ, ಆಗ ನಿಜಾಮನ ಸೀಮೆ. ಉರ್ದುವಿನಲ್ಲಿ ಓದಿ, ಇಂಗ್ಲಿಷಿನಲ್ಲಿ ವಕೀಲರಾಗಿ, ತೆಲುಗಿನಲ್ಲಿ ಓಟು ಕೇಳಿ, ಕನ್ನಡದಲ್ಲಿ ಬೈಯುತ್ತಿದ್ದರು. ಮೂರು ಪಕ್ಷಗಳನ್ನು ಸೇರಿ ಮೂರನ್ನೂ ಬಿಟ್ಟಿದ್ದರು. ಅವರ ಹೆಂಡತಿ ಜಾಣೆ. ಹಳೆಯ ಪಕ್ಷಗಳ ಬಾವುಟಗಳನ್ನು ಎಸೆಯದೆ ಕತ್ತರಿಸಿ ಒರೆಸುವ ಬಟ್ಟೆ ಮಾಡಿದ್ದರು. ಬಂಗಲೆಯ ಮೇಜು, ಕಿಟಕಿ, ಕಾರುಗಳನ್ನೆಲ್ಲ ನಾನು ಸಾಹೇಬರ ಹಿಂದಿನ ಸಿದ್ಧಾಂತಗಳಿಂದಲೇ ಒರೆಸಿದ್ದೇನೆ. ಒಮ್ಮೆ ಹನ್ನೊಂದು ತಿಂಗಳು ಉಪಮಂತ್ರಿಯಾಗಿದ್ದರು. ಆಮೇಲೆ ಎರಡು ಚುನಾವಣೆ ಸೋತರು. ಎರಡನೆಯದು ಯಾರ ಎದುರು ಅಂದರೆ, ಮೊದಲು ತಮ್ಮದೇ ಜೀಪು ಓಡಿಸುತ್ತಿದ್ದ ಡ್ರೈವರನ ಎದುರು. ಇಷ್ಟು ದೊಡ್ಡ ಮನುಷ್ಯ ಹೀಗೆ ಮನೆಯಲ್ಲಿ ಕೂತರೆ ಛಲೋ ಕಾಣುವುದಿಲ್ಲ ಅಂತ ಮೇಲಿನವರಿಗೆ ಅನ್ನಿಸಿತು. ಓಟು ಬೇಡದ ಕುರ್ಚಿ ಹುಡುಕಿದರು. ವಕೀಲಿಯ ಸನದು ಇತ್ತಲ್ಲ, ಜಡ್ಜರಾದರು.

ಮೊದಲ ದಿನ ನಾನು ಬಾಗಿಲು ತೆರೆದೆ. ವಕೀಲರು ಎದ್ದು ನಿಂತರು. ಸಾಹೇಬರು ಪೀಠ ಹತ್ತಿದವರೇ ಎಡಗಡೆಯಿಂದ ಬಲಗಡೆಗೆ ನಿಧಾನವಾಗಿ ತಿರುಗುತ್ತ ಎಲ್ಲರಿಗೂ ಕೈ ಮುಗಿದರು. ಬಾಲ್ಕನಿ ಇದ್ದಿದ್ದರೆ ಅತ್ತಲೂ ಕೈ ಬೀಸುತ್ತಿದ್ದರು. ವಕೀಲರಿಗೆ ಕೂರಬೇಕೋ ಬೇಡವೋ ತಿಳಿಯಲಿಲ್ಲ. ನಾನು ಕುರ್ಚಿ ಹಿಡಿದು ಕಾಯುತ್ತಿದ್ದೆ. ಸಾಹೇಬರು ಬಗ್ಗಿ ನನ್ನ ಕಿವಿಯಲ್ಲಿ ಕೇಳಿದರು:

“ಮೈಕ್ ಎಲ್ಲೈತೋ?”

“ಇಲ್ಲಿ ಮೈಕ್ ಇರಂಗಿಲ್ರಿ ಸಾಹೇಬ್ರ.”

“ಮತ್ತ ಹಿಂದ ಕೂತವರಿಗೆ ಹೆಂಗ ಕೇಳತೈತಿ?”

“ಅವರಿಗೆ ಕೇಳಾಕ ಅಲ್ರಿ. ಅವರ ಮಾತು ನೀವು ಕೇಳಾಕ.”

ಮುಖ ಸಣ್ಣದು ಮಾಡಿಕೊಂಡು ಕೂತರು.

ಅವರ ನಿಜವಾದ ಕಷ್ಟ ಅದಲ್ಲ. ನಲವತ್ತು ವರ್ಷ ಯಾರಿಗೂ ‘ಇಲ್ಲ’ ಅನ್ನದೆ ಬದುಕಿದ ಬಾಯಿ ಅದು. ಯಾರು ಏನು ಕೇಳಿದರೂ ‘ಹೋ ಜಾಯೇಗಾ’, ಆಗ್ತದ, ಅನ್ನುವುದು. ಅದೇ ರೂಢಿ ಪೀಠದ ಮೇಲೂ ನಡೆಯಿತು. ಅರ್ಜಿದಾರನ ವಕೀಲ ಮಾತಾಡಿದರೆ ಬುಡುಬುಡಿಕೆಯಂತೆ ತಲೆ ಆಡಿಸುವುದು. ಎದುರಿನ ವಕೀಲ ಮಾತಾಡಿದರೂ ಅಷ್ಟೇ ಪ್ರೀತಿಯಿಂದ ಆಡಿಸುವುದು. ಒಂದು ಸಲ ಕಂಡಕ್ಟರನೊಬ್ಬ ತನ್ನ ಕೇಸು ಗೆದ್ದೇಬಿಟ್ಟಿತು ಅಂತ ವರಾಂಡದಲ್ಲಿ ಪೇಡೆ ಹಂಚಿದ. ಅರ್ಧ ತಾಸಿಗೆ ಅವನನ್ನು ಕೆಲಸದಿಂದ ತೆಗೆದ ಸಂಸ್ಥೆಯ ಗುಮಾಸ್ತನೂ ಪೇಡೆ ತಂದ. ನಾನು ಎರಡೂ ಕಡೆಯ ಪೇಡೆ ತಿಂದೆ. ಬೇಗಂ ಬಜಾರಿನ ಒಂದೇ ಅಂಗಡಿಯವು, ರುಚಿಯಲ್ಲಿ ವ್ಯತ್ಯಾಸವಿರಲಿಲ್ಲ.

ಆದರೆ ತೀರ್ಪು ಬರೆದರೆ ಇಬ್ಬರಲ್ಲಿ ಒಬ್ಬನಿಗೆ ‘ಇಲ್ಲ’ ಅನ್ನಲೇಬೇಕಲ್ಲ. ಅದಕ್ಕೆ ಸಾಹೇಬರು ಕಂಡುಕೊಂಡ ದಾರಿ ‘ರಿಸರ್ವ್’. ವಾದ ಪೂರ್ತಿ ಕೇಳಿ, ತೀರ್ಪು ಆಮೇಲೆ ಹೇಳುತ್ತೇನೆ ಅಂತ ಕಾಯ್ದಿರಿಸುವುದು. ಬೇರೆ ಜಡ್ಜರು ಹದಿನೈದು ದಿನ, ಒಂದು ತಿಂಗಳು ಕಾಯ್ದಿರಿಸುತ್ತಿದ್ದರು. ನಮ್ಮವರು ಉಪ್ಪಿನಕಾಯಿ ಹಾಕಿದಂತೆ ಹಾಕಿಡುತ್ತಿದ್ದರು. ಫೈಲುಗಳೆಲ್ಲ ಬಂಗಲೆಗೆ ಬಂದು ಒಂದು ಕಬ್ಬಿಣದ ಅಲ್ಮೇರಾ ಸೇರುತ್ತಿದ್ದವು. ನಾನು ಒಮ್ಮೆ ಧೈರ್ಯ ಮಾಡಿ, ಅಲ್ಮೇರಾ ತುಂಬೇದರಿ ಅಂದೆ.

“ಇನ್ನೊಂದು ತರಿಸು,” ಅಂದರು.

ಮುಂಜಾನೆ ಎಂಟಕ್ಕೆ ನಾನು ಹೋದಾಗ ಅವರು ಪೇಪರಿನಲ್ಲಿ ನಿಧನ ವಾರ್ತೆ ಓದುತ್ತಿರುತ್ತಿದ್ದರು. ಅದು ರಾಜಕೀಯದಿಂದ ಬಂದ ಇನ್ನೊಂದು ಚಟ. ಯಾರು ಹೋದರೂ ಹೋಗಿ ಹಾರ ಹಾಕಿ ಬರಬೇಕು. ತೊಂಬತ್ತು ದಾಟಿದವರ ಹೆಣದ ಮುಂದೆ ನಿಂತೂ “ಹೋಗೋ ವಯಸ್ಸಲ್ಲ” ಅನ್ನುತ್ತಿದ್ದರು. ನನಗೆ ಆಗ ನಗು ಬರುತ್ತಿತ್ತು. ಅವರೇ ತೊಂಬತ್ತೈದು ಮುಟ್ಟಿದ ಮೇಲೆ ತಿಳಿಯಿತು, ಆ ಮಾತನ್ನು ಅವರು ತಮಾಷೆಗೆ ಆಡುತ್ತಿರಲಿಲ್ಲ ಅಂತ. ಗೆಳೆಯರು, ವೈರಿಗಳು, ಆ ಜೀಪಿನ ಡ್ರೈವರ್, ಎಲ್ಲರಿಗೂ ಹಾರ ಹಾಕಿ ಬಂದರು. ಯಾವ ಪಕ್ಷವೂ ಕೊಡದ ಬಹುಮತ ಅವರಿಗೆ ಕೊನೆಗೆ ಸ್ಮಶಾನದಲ್ಲಿ ಸಿಕ್ಕಿತ್ತು.

ಪೇಪರ್ ಮುಗಿಸಿ, ಒಂದು ಜೋಳದ ರೊಟ್ಟಿ ಮೊಸರು ತಿಂದು, ಕೈ ಒರೆಸಿಕೊಳ್ಳುತ್ತ ಹೇಳುತ್ತಿದ್ದರು: “ಮ್ಯಾಲಿನ ಮೂರು ತಾ.”

ಅಲ್ಮೇರಾದ ಮೇಲಿನ ಮೂರು ಫೈಲು. ಅದರಲ್ಲಿ ತೆಳುವಾದದ್ದನ್ನು ಓದಿದರೆ ಓದಿದರು, ಇಲ್ಲದಿದ್ದರೆ ಇಲ್ಲ. ಅವರು ಬಗ್ಗಿ ನೋಡಿದವರಲ್ಲ, ಯಾವುದು ಎಷ್ಟು ಹಳೆಯದು ಅಂತ ಕೇಳಿದವರೂ ಅಲ್ಲ. ಹೀಗೆ ಮೆಟ್ರಿಕ್ ಪಾಸಾದ ದಫೇದಾರನಿಗೆ ಒಂದು ಅಧಿಕಾರ ಸಿಕ್ಕಿತು. ಮೇಲೆ ಯಾವುದು ಇರಬೇಕು ಅನ್ನುವುದು ನನ್ನ ಕೈಯಲ್ಲಿತ್ತು. ಇದು ಹೊರಗೆ ತಿಳಿಯಲು ತಡವಾಗಲಿಲ್ಲ. ಮೊದಲು ನನ್ನ ರುಮಾಲಿಗೆ ನಮಸ್ಕಾರ ಮಾಡುತ್ತಿದ್ದವರು ಈಗ ನನಗೆ ಮಾಡತೊಡಗಿದರು. ಲಂಚ ನಾನು ಮುಟ್ಟಲಿಲ್ಲ, ಅದನ್ನು ನಿಜವಾಗಿಯೂ ಹೇಳಬಲ್ಲೆ. ನನಗೆ ನಮಸ್ಕಾರವೇ ಸಾಕಾಗಿತ್ತು. ನಾನೂ “ಆಗ್ತದ, ನೋಡೋಣ” ಅನ್ನಲು ಕಲಿತೆ. ತಲೆ ಆಡಿಸಲೂ ಕಲಿತೆ. ಹೆಂಡತಿ ಒಂದು ದಿನ ಊಟಕ್ಕೆ ಬಡಿಸುತ್ತ ಅಂದಳು:

“ಪಲ್ಯಾ ಹಾಕ್ಲೇನ್ರಿ ಅಂತ ಕೇಳಿದ್ರ ನೋಡೋಣ ಅಂತೀರಿ. ಹಾಕ್ಲೋ, ರಿಸರ್ವ್ ಮಾಡ್ಲೋ?”

ಇನ್ನು ಅಕ್ಕೋರ ವಿಷಯಕ್ಕೆ ಬರಬೇಕು. ಇಲ್ಲಿಯವರೆಗೆ ಬರೆದದ್ದು ಸುಲಭದ್ದು.

ನಮ್ಮ ಮನೆಯಿಂದ ಮೂರು ಗಲ್ಲಿ ಆಚೆ ಒಂದು ಕನ್ನಡ ಸಾಲಿ ಇತ್ತು. ನಮ್ಮಂಥವರ ಮಕ್ಕಳು, ಊರಿಂದ ಕಟ್ಟಡದ ಕೆಲಸಕ್ಕೆ ಬಂದವರ ಮಕ್ಕಳು ಅಲ್ಲಿ ಕಲಿಯುತ್ತಿದ್ದರು. ಏಳನೇ ಇಯತ್ತೆಗೆ ಕಲಿಸುವ ಅಕ್ಕೋರು ನನ್ನ ಮಗಳಿಗೂ ಕಲಿಸಿದವರು. ಮದುವೆಯಾಗಿರಲಿಲ್ಲ. ನನ್ನ ಹೆಂಡತಿಗೂ ಅವರಿಗೂ ಬಹಳ ಸ್ನೇಹ. ಸಾಲಿಯ ಆಡಳಿತ ಮಂಡಳಿಗೆ ಕನ್ನಡ ವಿಭಾಗ ಮುಚ್ಚಿ ಆ ಕೋಣೆಗಳಲ್ಲಿ ಇಂಗ್ಲಿಷ್ ಮೀಡಿಯಂ ನಡೆಸಬೇಕಿತ್ತು. ಪಾಲಕರೇ ಕನ್ನಡ ಬೇಡ ಅನ್ನುತ್ತಿದ್ದಾರೆ ಅಂತ ಒಂದು ಕಾಗದ ತಯಾರು ಮಾಡಿ ಅಕ್ಕೋರಿಗೆ ಸಹಿ ಹಾಕಲು ಹೇಳಿದರು. ಯಾವ ಪಾಲಕರೂ ಹಾಗೆ ಹೇಳಿಲ್ಲ, ನಾನು ಹಾಕುವುದಿಲ್ಲ ಅಂದರು. ಮೇಲಿನವರ ಮಾತು ಕೇಳಲಿಲ್ಲ ಅಂತ ಕೆಲಸದಿಂದ ತೆಗೆದರು. ಅವರು ನಮ್ಮ ನ್ಯಾಯಮಂಡಳಿಗೆ ಬಂದರು. ಕೇಸು ನಮ್ಮ ಸಾಹೇಬರ ಮುಂದೆ ಬಂತು, ವಾದ ಮುಗಿಯಿತು, ರಿಸರ್ವ್ ಆಯಿತು.

ಅವರಿಗೆ ಬೇಕಾದದ್ದು ಒಂದೇ. ಜೂನ್ ಕೊನೆಗೆ ಅವರಿಗೆ ಐವತ್ತೆಂಟು ತುಂಬುತ್ತಿತ್ತು, ನಿವೃತ್ತಿಯ ವಯಸ್ಸು. ಅಷ್ಟರೊಳಗೆ ತೀರ್ಪು ಬಂದರೆ ಮತ್ತೆ ಆ ಕೋಣೆಯೊಳಗೆ ಹೋಗಿ ನಿಲ್ಲಬಹುದು. ವಿಭಾಗ ಇನ್ನೂ ಕುಂಟುತ್ತ ನಡೆದಿತ್ತು, ಅವರು ಮರಳಿ ಒಳಗೆ ಬಂದರೆ ಅದನ್ನು ಮುಚ್ಚಲು ಬರುತ್ತಿರಲಿಲ್ಲ. ಆಮೇಲೆ ಬಂದ ತೀರ್ಪು ಚೌಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಲು ಮಾತ್ರ.

ನಾನು ಸುಮ್ಮನಿರಲಿಲ್ಲ. ಒಂದು ದಿನ ಅವರ ಫೈಲನ್ನು ಎಲ್ಲಕ್ಕಿಂತ ಮೇಲಿಟ್ಟೆ. ಸಾಹೇಬರು ಬಿಚ್ಚಿದರು, ಆಡಳಿತ ಮಂಡಳಿ ಅಧ್ಯಕ್ಷರ ಹೆಸರು ನೋಡಿದರು.

“ಇವರು ನಮ್ಮವರೇ ಅದಾರಲ್ಲೋ. ಎರಡು ಸಲ ನನ್ನ ಪರ ಪ್ರಚಾರ ಮಾಡ್ಯಾರ.”

“ಅಕ್ಕೋರೂ ನಮ್ಮವರೇರಿ ಸಾಹೇಬ್ರ. ನನ್ನ ಮಗಳಿಗೆ ಕಲಿಸ್ಯಾರ.”

“ಹೌದಾ? ಪಾಪ. ಇಬ್ಬರೂ ನಮ್ಮವರೇ. ಇರ್ಲಿ ತಗಿ, ನೋಡೋಣ.”

ಫೈಲು ಮತ್ತೆ ಅಲ್ಮೇರಾಕ್ಕೆ ಹೋಯಿತು. ರಿಸರ್ವ್ ಆಗಿ ಅಲ್ಲಿಗೇ ಒಂದೂವರೆ ವರ್ಷವಾಗಿತ್ತು.

ಒಂದು ನಿಯಮ ಇತ್ತು. ರಿಸರ್ವ್ ಆಗಿ ಬಹಳ ದಿನವಾದರೆ ಕಕ್ಷಿದಾರರು ನ್ಯಾಯಮಂಡಳಿಯ ಅಧ್ಯಕ್ಷರಿಗೆ ಅರ್ಜಿ ಕೊಡಬಹುದು, ತೀರ್ಪು ಕೊಡಿಸಿ ಅಥವಾ ಬೇರೆ ಜಡ್ಜರಿಗೆ ವಹಿಸಿ ಅಂತ. ಹಿಂದೊಮ್ಮೆ ಒಬ್ಬ ಲೈನ್‌ಮನ್ ಹಾಗೆ ಕೊಟ್ಟಿದ್ದ. ಅರ್ಜಿಯ ಪ್ರತಿ ಸಾಹೇಬರ ಮೇಜಿಗೆ ಬಂದದ್ದೇ ತಡ, ಅವರಿಗೆ ರೊಟ್ಟಿ ಇಳಿಯಲಿಲ್ಲ. ಎಂಟು ದಿನದಲ್ಲಿ ತೀರ್ಪು ಬರೆದು ಓದಿದರು. ತೀರ್ಪು ಚೆನ್ನಾಗಿಯೇ ಇತ್ತು, ಲೈನ್‌ಮನ್ ಕೆಲಸಕ್ಕೆ ಮರಳಿದ. ಬರೆಯಲು ಬರುತ್ತಿರಲಿಲ್ಲ ಅಂತಲ್ಲ, ಯಾರಾದರೂ ಹೆದರಿಸಬೇಕಿತ್ತು ಅಷ್ಟೇ. ಇದನ್ನು ನಾನು ಕಣ್ಣಾರೆ ಕಂಡಿದ್ದೆ. ಆದ್ದರಿಂದ ನನಗೆ ತಿಳಿದಿರಲಿಲ್ಲ ಅಂತ ಹೇಳಲು ನನಗೆ ದಾರಿಯಿಲ್ಲ.

ಆ ಫೆಬ್ರುವರಿ ಕೊನೆಗೆ ಅಕ್ಕೋರು ನಮ್ಮ ಮನೆಗೆ ಬಂದರು. ಜಡ್ಜ್ ಸಾಹೇಬರಿಗೆ ಸಿಟ್ಟು ಬಂದೀತೆಂದು ಅವರ ವಕೀಲ ಅಂಥ ಅರ್ಜಿಗೆ ಸಹಿ ಹಾಕಲು ಹಿಂದೆ ಸರಿದಿದ್ದ. ಇವರೇ ಕೂತು, ಎರಡು ಪುಟ, ಇಂಗ್ಲಿಷಿನಲ್ಲಿ, ಮುತ್ತು ಪೋಣಿಸಿದಂಥ ಅಕ್ಷರದಲ್ಲಿ ಬರೆದು ತಂದಿದ್ದರು.

“ಇದನ್ನ ಅಧ್ಯಕ್ಷರ ಆಫೀಸಿಗೆ ಕೊಡಬೇಕಂತ ಮಾಡೀನ್ರಿ. ನಿಮ್ಮ ಸಾಹೇಬ್ರಿಗೆ ಬ್ಯಾಸರ ಆಗತೈತೇನು? ನಿಮ್ಮನ್ನ ಒಂದ್ ಮಾತು ಕೇಳೋಣಂತ ಬಂದೆ.”

ನನಗಿಂತ ಮೊದಲು ನನ್ನ ಹೆಂಡತಿ ಉತ್ತರ ಕೊಟ್ಟಳು. “ಆದ್ರ ಆಗ್ಲಿ ಬಿಡ್ರಿ ಅಕ್ಕೋರ. ನೀವ್ಯಾಕ ಆ ಮೆಟ್ಟಿಲಾ ಹತ್ತತೀರಿ, ಮೊಣಕಾಲು ನೋವು ಬ್ಯಾರೆ. ಇವರು ದಿನಾ ಅಲ್ಲೇ ಬಿದ್ದಿರ್ತಾರ. ಇವರ ಕೈಯಾಗ ಕೊಡ್ರಿ.”

“ಮುಟ್ಟಸ್ತೀನ್ರಿ,” ಅಂದೆ ನಾನು.

ಆಗ ಸಾಹೇಬರ ಅವಧಿ ಮುಗಿಯಲು ಐದು ತಿಂಗಳಿತ್ತು. ಆಮೇಲೆ ಒಂದು ಆಯೋಗದ ಅಧ್ಯಕ್ಷತೆ ಸಿಗುವುದಿದೆ ಅಂತ ಮಾತು ನಡೆದಿತ್ತು. ದಿನಾ ಫೋನು, ದಿನಾ ಯಾರದಾದರೂ ಮನೆಗೆ ಹಣ್ಣಿನ ಬುಟ್ಟಿ. “ಆಯೋಗ ಆದ್ರ ನೀನೂ ನನ್ನ ಜೋಡಿ ಬರ್ತೀಯೋ,” ಅಂತ ನನಗೆ ಹೇಳಿದ್ದರು. ಇಂಥ ಹೊತ್ತಿನಲ್ಲಿ ಜಡ್ಜ್ ತೀರ್ಪನ್ನೇ ಕೊಡುವುದಿಲ್ಲ ಅನ್ನುವ ದೂರು ದಫ್ತರಿಗೆ ಹತ್ತಿದರೆ ಏನಾದೀತು? ಆಯೋಗ ಕೈತಪ್ಪಿದರೆ ನಾನು ರುಮಾಲು ಬಿಚ್ಚಿಟ್ಟು ರೆಕಾರ್ಡ್ ರೂಮಿನಲ್ಲಿ ಧೂಳು ಹೊಡೆಯಬೇಕು. ನಮಸ್ಕಾರಗಳು ನಿಂತುಹೋಗುತ್ತವೆ.

ಅರ್ಜಿ ಜೇಬಿನಲ್ಲೇ ಇಟ್ಟುಕೊಂಡು ಹೋದೆ. ಅಧ್ಯಕ್ಷರ ಆಫೀಸಿನ ಬಾಗಿಲವರೆಗೂ ಹೋದೆ. ಗುಮಾಸ್ತ ಚಹಾಕ್ಕೆ ಹೋಗಿದ್ದ. ಹತ್ತು ನಿಮಿಷ ಕಾದಿದ್ದರೆ ಬರುತ್ತಿದ್ದ. ನಾನು ವಾಪಸು ಬಂದು, ರುಮಾಲು ಇಡುವ ದುಂಡನೆಯ ತಗಡಿನ ಡಬ್ಬಿಯ ತಳಕ್ಕೆ ಅದನ್ನು ಹಾಕಿದೆ. ನಾಳೆ ಕೊಟ್ಟರಾಯಿತು ಅಂದುಕೊಂಡೆ. ದಿನಾ ಮುಂಜಾನೆ ಅದರ ಮೇಲಿನ ರುಮಾಲು ತೆಗೆದು ತಲೆಗೆ ಇಟ್ಟುಕೊಳ್ಳುತ್ತಿದ್ದೆ, ಸಂಜೆ ಅದರ ಮೇಲೆ ಇಡುತ್ತಿದ್ದೆ. ಮಾರ್ಚ್ ಹೋಯಿತು, ಏಪ್ರಿಲ್ ಹೋಯಿತು.

ಮನೆಯಲ್ಲಿ ಹೆಂಡತಿ ಕೇಳಿದಳು, ಮುಟ್ಟಿಸಿದ್ರೇನು ಅಂತ. ಹೂಂ ಅಂದೆ. ಅಕ್ಕೋರು ದಾರಿಯಲ್ಲಿ ಸಿಕ್ಕು ಕೇಳಿದರು.

“ಓದ್ಯಾರೇನ್ರಿ?”

“ಓದಿರಬೇಕ್ರಿ. ಸಾಹೇಬ್ರ ಮೇಜಿಗೂ ಬಂದಿತ್ತು,” ಅಂದೆ.

ಯಾರೂ ಕೇಳದೆ ಈ ಎರಡನೇ ಸುಳ್ಳನ್ನು ಯಾಕೆ ಸೇರಿಸಿದೆನೋ ಗೊತ್ತಿಲ್ಲ. ಕಟ್ಟಿದ ಸುಳ್ಳಿಗೆ ಒಂದು ಚಾವಣಿಯೂ ಇರಲಿ ಅಂತ ಇರಬೇಕು.

ಜೂನ್ ಮುಗಿಯಿತು. ಅಕ್ಕೋರಿಗೆ ಐವತ್ತೆಂಟು ತುಂಬಿತು. ಅದೇ ತಿಂಗಳು ಕನ್ನಡ ವಿಭಾಗಕ್ಕೆ ಬೀಗ ಬಿತ್ತು. ಮಕ್ಕಳನ್ನು ಪಕ್ಕದ ತೆಲುಗು ಸಾಲಿಗೆ ಹಾಕಿದರು, ಕೆಲವರನ್ನು ಎಲ್ಲಿಗೂ ಹಾಕಲಿಲ್ಲ. ಜುಲೈನಲ್ಲಿ ಸಾಹೇಬರು ಇಳಿದರು. ಬೀಳ್ಕೊಡುಗೆಯ ದಿನವೂ ಎಡದಿಂದ ಬಲಕ್ಕೆ ಕೈ ಮುಗಿದರು. ಆವತ್ತು ಅದು ಸರಿಯಾಗಿಯೇ ಹೊಂದಿತು. ಹೊಸ ಜಡ್ಜರು ಬಂದರು, ಎರಡೂ ಅಲ್ಮೇರಾ ಬಿಚ್ಚಿಸಿದರು. ದಸರೆಯ ಹೊತ್ತಿಗೆ ಅಕ್ಕೋರ ತೀರ್ಪು ಬಂತು: ಕೆಲಸದಿಂದ ತೆಗೆದದ್ದು ತಪ್ಪು, ಆದರೆ ವಯಸ್ಸು ಮೀರಿರುವುದರಿಂದ ಮರಳಿ ಸೇರಿಸಿಕೊಳ್ಳುವ ಪ್ರಶ್ನೆ ಬರುವುದಿಲ್ಲ.

ಸಾಹೇಬರಿಗೆ ಆಯೋಗ ಸಿಕ್ಕಿತು. ಹಳೆಯ ಬಾವಿಗಳ ಸ್ಥಿತಿಗತಿಯ ಆಯೋಗ. ನಗಬೇಡಿ, ನಾನು ಅದರಲ್ಲಿ ಮೂರು ವರ್ಷ ಕೆಲಸ ಮಾಡಿದ್ದೇನೆ. ಮೂರು ಕಾರುಗಳಲ್ಲಿ ಹೋಗಿ ಒಂದು ಬಾವಿಯ ಸುತ್ತ ನಿಲ್ಲುತ್ತಿದ್ದೆವು. ಸಾಹೇಬರು ಬಗ್ಗಿ ನೋಡಿ “ಆಳ ಐತಿ” ಅನ್ನುತ್ತಿದ್ದರು, ಸ್ಟೆನೋ ಬರೆದುಕೊಳ್ಳುತ್ತಿದ್ದ. ಊರವರು ನೀರು ಬಿಡಿಸಿ ಅಂತ ಕೇಳಿದರೆ ‘ಹೋ ಜಾಯೇಗಾ’. ವರದಿ ಮುಗಿಯುವ ಹೊತ್ತಿಗೆ ನಾವು ನೋಡಿದ ಎಷ್ಟೋ ಬಾವಿ ಮುಚ್ಚಿ ಮೇಲೆ ಅಪಾರ್ಟ್‌ಮೆಂಟ್ ಎದ್ದಿತ್ತು. ಇದಕ್ಕಾಗಿ ನಾನು ಒಂದು ಸಾಲಿಯ ಕೋಣೆಯನ್ನು ಕೊಟ್ಟಿದ್ದೆ.

ಕೊನೆಗಾಲದಲ್ಲಿ ಸಾಹೇಬರು ಗಚ್ಚಿಬೌಲಿಯಲ್ಲಿ ಮಗನ ಫ್ಲ್ಯಾಟಿನಲ್ಲಿದ್ದರು, ಹದಿನಾಲ್ಕನೇ ಮಹಡಿ. ತಿಂಗಳಿಗೊಮ್ಮೆ ನಾನು ಹೆಂಡತಿ ಬಡಿದ ಜೋಳದ ರೊಟ್ಟಿ ಒಯ್ಯುತ್ತಿದ್ದೆ. ಗೇಟಿನವನು ನನ್ನ ಚೀಲ ನೋಡಿ ಪ್ರತಿ ಸಲ “ಡೆಲಿವರೀನಾ?” ಅಂತ ಕೇಳಿ ಸಾಮಾನು ಸಾಗಿಸುವ ಲಿಫ್ಟಿಗೆ ಕಳಿಸುತ್ತಿದ್ದ. ದಾರಿ ಬಿಡಿಸುತ್ತಿದ್ದ ದಫೇದಾರ ಈಗ ಗ್ಯಾಸ್ ಸಿಲಿಂಡರ್ ಜೊತೆ ಮೇಲೆ ಹೋಗುತ್ತಿದ್ದ.

ಸಾಹೇಬರಿಗೆ ಕಣ್ಣು ಮಂಜಾಗಿತ್ತು, ನೆನಪು ಮಾತ್ರ ಹೊಸ ಬ್ಲೇಡಿನಂತಿತ್ತು. ನಿಧನ ವಾರ್ತೆಯನ್ನು ಮಗನ ಕೈಲಿ ಓದಿಸಿ ಕೇಳುತ್ತಿದ್ದರು. ಬಂದವರಿಗೆಲ್ಲ ನನ್ನನ್ನು ತೋರಿಸಿ ಹೇಳುತ್ತಿದ್ದರು, “ಇವ ನನ್ನ ಮುಂದ ಒಂದು ದಿನ ಸುಳ್ಳು ಆಡಿದವ ಅಲ್ಲ. ನಮ್ಮ ರಾಜಕೀಯದಾಗ ಇಂಥಾವ ಒಬ್ಬ ಸಿಗಲಿಲ್ಲ ನೋಡ್ರಿ.” ನಾನು ನೆಲ ನೋಡುತ್ತಿದ್ದೆ. ಬಂದವರು ಅದನ್ನು ವಿನಯ ಅಂದುಕೊಳ್ಳುತ್ತಿದ್ದರು.

ಎರಡು ವರ್ಷದ ಹಿಂದೆ ಒಂದು ಮಧ್ಯಾಹ್ನ, ಮನೆಯಲ್ಲಿ ಯಾರೂ ಇರಲಿಲ್ಲ. ನಾನು ರೊಟ್ಟಿ ಮುರಿದು ಹಾಲಿನಲ್ಲಿ ನೆನೆಸಿ ಕೊಡುತ್ತಿದ್ದೆ. ಅವರು ಉಣ್ಣುವುದು ನಿಲ್ಲಿಸಿ ನನ್ನ ಮುಂಗೈ ಹಿಡಿದರು.

“ಆ ಸಾಲಿ ಅಕ್ಕೋರ ಕೇಸ್ ಏನಾತೋ?”

“ಯಾವ್ದ್ರಿ ಸಾಹೇಬ್ರ?”

“ಯಾವ್ದಂತ ನಿನಗ ಗೊತ್ತೈತಿ. ನಿನ್ನ ಮಗಳಿಗೆ ಕಲಿಸಿದಾಕಿ.”

“ಹೊಸ ಜಡ್ಜರು ಬರೆದ್ರಿ. ವಯಸ್ಸು ಮೀರಿತ್ತಂತ.”

ಕೆಳಗೆ ರಸ್ತೆಯಲ್ಲಿ ಕ್ಯಾಬುಗಳ ಹಾರ್ನು ಅಷ್ಟು ಎತ್ತರಕ್ಕೂ ಕೇಳುತ್ತಿತ್ತು.

“ನಾ ಬರೀಬೇಕಿತ್ತು. ಆ ಸಾಲಿ ಅಧ್ಯಕ್ಷನ ಮುಖ ನೋಡಿ ಬಿಟ್ಟೆ. ಆದ್ರ ನೋಡು, ಅಕಿ ಒಂದ್ ಅರ್ಜಿ ಸುದ್ದಾ ಕೊಡಲಿಲ್ಲ. ಆ ಲೈನ್‌ಮನ್ ಕೊಟ್ಟಂಗ ಕೊಟ್ಟಿದ್ರ ನನಗ ಅಂಜಿಕಿ ಬರ್ತಿತ್ತು, ಬರದ ಬಿಡ್ತಿದ್ದೆ. ಕೊಟ್ಟಿದ್ಲೇನು?”

ಕೈ ಇನ್ನೂ ಹಿಡಿದೇ ಇದ್ದರು. ತೊಂಬತ್ತಮೂರು ವರ್ಷದ ಕೈ, ಪೇಪರಿನಷ್ಟು ಹಗುರ.

“ಇಲ್ರಿ ಸಾಹೇಬ್ರ. ಕೊಡಲಿಲ್ಲ.”

“ಹೌದಲ್ಲ,” ಅಂದು ಕೈ ಬಿಟ್ಟರು. ಆಮೇಲೆ ರೊಟ್ಟಿ ಬೇಡ ಅಂದರು.

ಈ ವರ್ಷ ಅವರು ಹೋದರು. ಕನ್ನಡದವರು ಸೇರಿ ಒಂದು ಹಾಲಿನಲ್ಲಿ ಶ್ರದ್ಧಾಂಜಲಿ ಸಭೆ ಇಟ್ಟರು. ಮೂರು ಪಕ್ಷದವರೂ ಬಂದು ಮೂರು ಬೇರೆ ಬೇರೆ ಮನುಷ್ಯರ ಬಗ್ಗೆ ಮಾತಾಡಿದರು. ಒಬ್ಬರು ಅವರನ್ನು ತ್ವರಿತ ನ್ಯಾಯದ ಹರಿಕಾರ ಅಂದರು. ನನ್ನನ್ನೂ ವೇದಿಕೆಗೆ ಕರೆದರು. ನಾನು ರೊಟ್ಟಿ ಮೊಸರಿನ ಕಥೆ, ಮೈಕಿನ ಕಥೆ ಹೇಳಿದೆ. ಜನ ನಕ್ಕರು. ಇಳಿದು ಬರುವಾಗ ಮೂರನೇ ಸಾಲಿನಲ್ಲಿ ಅಕ್ಕೋರು ಕೂತಿದ್ದು ಕಂಡಿತು. ಎಂಬತ್ತು ದಾಟಿದ್ದಾರೆ, ಕೋಲು ಹಿಡಿದಿದ್ದರು.

“ಛಲೋ ಮಾತಾಡಿದ್ರಿ,” ಅಂದರು.

“ಏನ್ ಛಲೋ ಬಿಡ್ರಿ ಅಕ್ಕೋರ.”

“ನನ್ನೂ ಮಾತಾಡ್ರಿ ಅಂದ್ರು. ನಾ ಒಲ್ಲೆ ಅಂದೆ. ಅರ್ಜಿ ಓದಿನೂ ಸುಮ್ನ ಕೂತ ಮನಷ್ಯಾ ಅಂತ ಬಾಯಿಗೆ ಬಂದ ಬಿಡತಿತ್ತು. ಸತ್ತವರ ಮುಂದ ಅದನ್ಯಾಕ ಅನ್ನೋದು ಅಂತ ಬಿಟ್ಟೆ.”

ಅವತ್ತು ನನಗೆ ಊಟ ಸೇರಲಿಲ್ಲ. ಮರುದಿನ ಹತ್ತು ಗಂಟೆಗೆ ಡಬ್ಬಿಯಿಂದ ಆ ಕಾಗದ ತೆಗೆದುಕೊಂಡು ಅವರ ಮನೆಗೆ ಹೋದೆ. ಹೆಂಡತಿ ಎಲ್ಲಿಗೆ ಅಂದಳು. ಬಂದು ಹೇಳ್ತೀನಿ ಅಂದೆ.

ಅಕ್ಕೋರು ಚಹಾ ಮಾಡಿ ಮುಂದಿಟ್ಟರು. ನಾನು ಕಾಗದ ಕೊಟ್ಟೆ. ಚಷ್ಮಾ ಒರೆಸಿಕೊಂಡು ಎರಡೂ ಪುಟ ಪೂರ್ತಿ ಓದಿದರು, ಒಂದೊಂದು ಸಾಲಿನ ಕೆಳಗೂ ಬೆರಳಿಟ್ಟು.

“ಆಗ ನನ್ನ ಅಕ್ಷರ ಭಾಳ ಛಂದ ಇದ್ವು,” ಅಂದರು.

“ನಾ ಕೊಡಲಿಲ್ರಿ ಆವತ್ತು. ಯಾರಿಗೂ ಮುಟ್ಟಸ್ಲಿಲ್ಲ. ತಪ್ಪಾತ್ರಿ.”

“ಯಾಕ?”

ಬೈಗುಳಕ್ಕೆ ನಾನು ಸಿದ್ಧನಾಗಿ ಹೋಗಿದ್ದೆ, ಅಳುವಿಗೂ. ಇದಕ್ಕೆ ಆಗಿರಲಿಲ್ಲ.

“ಸಾಹೇಬ್ರಿಗೆ ಆಯೋಗ ಸಿಗೋದಿತ್ರಿ. ನಾನೂ ಅವರ ಜೋಡಿ ಹೋಗೋದಿತ್ತು.”

“ಆ ಬಾವಿದ್ದಾ?”

“ಹೌದ್ರಿ.”

ಅವರು ನಗುತ್ತಾರೇನೋ ಅಂತ ಕಾದೆ. ನಗಲಿಲ್ಲ.

“ನಾಕ್ ತಿಂಗಳು ಇತ್ತು ನನಗ. ಏಳನೇತ್ತೆಯೊಳಗ ಹನ್ನೊಂದು ಮಕ್ಕಳಿದ್ರು,” ಅಂದರು. ಆಮೇಲೆ ನನ್ನನ್ನು ನೇರವಾಗಿ ನೋಡಿದರು. ಮಗ್ಗಿ ತಪ್ಪಿದ ಹುಡುಗನನ್ನು ನೋಡುವ ನೋಟ. “ಇಷ್ಟು ವರ್ಷ ನಾನು ಆ ಮನಷ್ಯಾಗ ಕಂಡಕಂಡವರ ಮುಂದ ಬೈದೀನ್ರಿ. ಅರ್ಜಿ ಓದಿ ಬುಟ್ಟಿಗೆ ಹಾಕಿದಾವ ಅಂತ. ನನ್ನ ಹತ್ರ ಕಲ್ತ ಮಕ್ಕಳ ಮುಂದ ಸುದ್ದಾ. ನಿಮ್ಮ ಸಾಹೇಬ್ರಿಗೆ ಇದು ಗೊತ್ತಿತ್ತೇನು?”

“ಇಲ್ರಿ.”

“ಕೇಳಿದ್ರೇನು ಎಂದಾದ್ರೂ?”

“ಕೇಳಿದ್ರಿ. ಎರಡು ವರ್ಷದ ಹಿಂದ. ನೀವೇ ಅರ್ಜಿ ಕೊಡಲಿಲ್ಲ ಅಂದೆ.”

ಅಕ್ಕೋರು ಕಾಗದವನ್ನು ಹಳೆಯ ಮಡಿಕೆಯ ಗೆರೆಯಲ್ಲೇ ಮಡಚಿ ತಮ್ಮ ಹತ್ತಿರ ಇಟ್ಟುಕೊಂಡರು.

“ಚಹಾ ಕುಡೀರಿ. ಆರತೈತಿ,” ಅಂದರು. ನಾನು ಕುಡಿದು ಎದ್ದೆ.

ಅವರು ಕ್ಷಮಿಸಿದರೋ ಇಲ್ಲವೋ ನನಗೆ ತಿಳಿಯದು. ಕೇಳುವ ಹಕ್ಕು ನನಗಿಲ್ಲ. ಅವರಿಗೆ ಹೇಳಿದ್ದಾಯಿತು, ಹೆಂಡತಿಗೆ ಹೇಳಿದ್ದಾಯಿತು. ಅವಳು ಇನ್ನೂ ನನ್ನ ಜೊತೆ ಸರಿಯಾಗಿ ಮಾತಾಡುತ್ತಿಲ್ಲ. ತೀರ್ಪು ಬರೆಯದ ಆ ಒಂದೂವರೆ ವರ್ಷ ಸಾಹೇಬರದು, ಅದನ್ನು ಅವರೇ ಒಪ್ಪಿಕೊಂಡರು. ಕೊನೆಯ ನಾಲ್ಕು ತಿಂಗಳು ನನ್ನವು. ಅವನ್ನೂ ಅವರ ತಲೆಗೇ ಕಟ್ಟಿ, ಅವರು ಸತ್ಯ ಹೇಳಿ ಕೈ ಹಿಡಿದು ಕೇಳಿದಾಗ 'ಇಲ್ಲ' ಅಂದೆ. ಈಗಲೂ ಇಷ್ಟು ಪುಟ ಅವರನ್ನು ನಗೆಪಾಟಲು ಮಾಡುತ್ತಲೇ ಬಂದೆ. ನಾನು ತಪ್ಪಾಯಿತು ಅನ್ನದೆ ಕಳಿಸಿಕೊಟ್ಟದ್ದು ಯಾರನ್ನು ಅಂದರೆ, ನಮ್ಮ ಜಡ್ಜ್ ಸಾಹೇಬರನ್ನು.